ವೃಷಭಾವತಿ: ದಿಣ್ಣೆಯಿಂದ ಸಂಗಮದವರೆಗೆ

ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಸಾಗುತ್ತದೆ. ಅದು ಚಿಕ್ಕಪೇಟೆಯನ್ನು ಹಾಯುವ ಚೌಕದಿಂದ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೆಂಗಳೂರಿನ ಬೀದಿಗಳನ್ನು ಗುರುತಿಸಿದರು ಎಂಬ ಐತಿಹ್ಯವಿದೆ. ಅವರು ಆಯ್ದುಕೊಂಡದ್ದು ಹೊಳೆಯ ದಂಡೆಯನ್ನಲ್ಲ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯನ್ನು. ಇಂಥ ಊರಿಗೆ ಹೊಳೆ ಹೊರಗಿನಿಂದ ಹರಿದು ಬರುವುದಿಲ್ಲ. ಊರಿನಲ್ಲೇ ಹುಟ್ಟಿ ಹೊರಕ್ಕೆ ಹರಿಯುತ್ತದೆ.

ನೀರು ಇಬ್ಭಾಗವಾಗುವ ನೆಲ

ಹೆಂಚಿನ ಮಾಡಿನ ನೆತ್ತಿಗೆ ಬಿದ್ದ ಮಳೆ ಎರಡು ಇಳಿಜಾರಿಗೆ ಹಂಚಿಹೋಗುವಂತೆ ಬೆಂಗಳೂರಿನ ಮಳೆಯೂ ಹಂಚಿಹೋಗುತ್ತದೆ. ಈ ದಿಣ್ಣೆಯ ಪಶ್ಚಿಮಕ್ಕೆ ವೃಷಭಾವತಿ ಕಣಿವೆ. ಪೂರ್ವಕ್ಕೆ ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳು. ಮೆಜೆಸ್ಟಿಕ್ ಮತ್ತು ಮಾರುಕಟ್ಟೆಯ ಆಸುಪಾಸಿನಿಂದ ಹೊರಡುವ ರಾಜಕಾಲುವೆ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ. ಪಕ್ಕದ ಬಸವನಗುಡಿಯ ಪಡುವಣ ಇಳಿಜಾರಿನ ನೀರು ಮಾತ್ರ ಕಾವೇರಿಯ ಪಾಲು. ಅಲ್ಲಿ ನೆಲ ತುಸುವೇ ವಾಲಿದ್ದರೂ ಸಾಕು, ಮಳೆನೀರಿನ ದಾರಿ ನೂರಾರು ಕಿಲೋಮೀಟರ್ ಬೇರೆಯಾಗುತ್ತದೆ.

ಹುಟ್ಟು

ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ವಿಗ್ರಹದ ಪಾದದ ಬಳಿ ಹುಟ್ಟುತ್ತಾಳೆ ಎಂಬುದು ನಂಬಿಕೆ. ಹೊಳೆಯ ಹೆಸರಿನಲ್ಲೂ ವೃಷಭವಿದೆ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬರುವವರು ನಿಲ್ಲುವುದೂ ಈ ನೆಲದಲ್ಲೇ. ನಂಬಿಕೆಗೆ ಭೂವಿಜ್ಞಾನದ ಆಧಾರವೂ ಉಂಟು. ಬಸವನಗುಡಿಯ ಬ್ಯೂಗಲ್ ರಾಕ್, ಲಾಲ್‌ಬಾಗಿನ ಬಂಡೆಯಂತೆಯೇ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಗಟ್ಟಿ ಬಂಡೆ ನೀರನ್ನು ಹೀರುವುದಿಲ್ಲ. ಮೇಲಿನ ಸವೆದ ಮಣ್ಣು ಮತ್ತು ಬಿರುಕುಗಳಲ್ಲಿ ಇಂಗಿದ ಮಳೆ, ಬಂಡೆಯ ಬುಡದಲ್ಲಿ ಒಸರಾಗಿ ಹೊರಬರುತ್ತದೆ. ಒಸರುಗಳು ಕೂಡಿದರೆ ತೊರೆ.

ಇನ್ನೊಂದು ಕವಲಿನ ಹುಟ್ಟನ್ನು ಮಲ್ಲೇಶ್ವರದಲ್ಲಿ ಹೇಳುತ್ತಾರೆ. ಅಲ್ಲಿ ಕಾಡುಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ನೀರು ಶಿವಲಿಂಗದ ಮೇಲೆ ಬೀಳುತ್ತದೆ. ಮಣ್ಣಿನಡಿ ಹೂತಿದ್ದ ಈ ಕಲ್ಯಾಣಿ ಬೆಳಕಿಗೆ ಬಂದದ್ದು 1997ರಲ್ಲಿ.

ಹರಿವು

ಹೊಳೆಯ ಕಣಿವೆಯಲ್ಲಿ, ಚಾಮರಾಜಪೇಟೆಯ ಮಗ್ಗುಲಿನ ಗವಿಪುರದಲ್ಲಿ ಕೆಂಪಾಂಬುಧಿ ಕೆರೆಯಿದೆ. ಹಿಂದಿನವರು ಕಣಿವೆಗೆ ಅಡ್ಡಲಾಗಿ ಏರಿ ಹಾಕಿ, ತೂಬಿನಿಂದ ಗದ್ದೆಗೆ ನೀರುಣಿಸಿ, ಹೆಚ್ಚಾದದ್ದನ್ನು ಕೋಡಿಯಿಂದ ಕೆಳಗಿನ ಕೆರೆಗೆ ಬಿಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ತೊರೆಯೆಂದರೆ ಕೆರೆಗೂ ಕೆರೆಗೂ ನಡುವಿನ ಕೊಂಡಿ.

ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯ ಬಳಿ ಹಾದು, ನಾಯಂಡಹಳ್ಳಿ ದಾಟುವ ಹೊಳೆಗೆ ನಾಗರಭಾವಿ ಕಡೆಯ ತೊರೆಯೂ ಕೂಡಿಕೊಳ್ಳುತ್ತದೆ. ಕೆಂಗೇರಿಯ ನಂತರ ಬಿಡದಿ ಸೀಮೆಯ ಬೈರಮಂಗಲ ಜಲಾಶಯ. ಅದನ್ನು ಕಟ್ಟಿದ್ದು 1940ರ ದಶಕದಲ್ಲಿ, ನೀರಾವರಿಗೆಂದು. ಮುಂದೆ ಹೊಳೆ ಅರ್ಕಾವತಿಯನ್ನು, ಅರ್ಕಾವತಿ ಮೇಕೆದಾಟಿಗೆ ಸಮೀಪದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತವೆ.

ಮಳೆಗಾಲದ ತೊರೆ ವರ್ಷವಿಡೀ ಹರಿದದ್ದು ಹೇಗೆ?

1890ರ ದಶಕದಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬೆಂಗಳೂರಿಗೆ ಬಂತು. ಎರಡೂ ಅರ್ಕಾವತಿಯವು. 1974ರಿಂದ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ ಪಂಪುಗಳ ಬಲದಿಂದ ಏರಿ ಬರುತ್ತಿದೆ. ಬಳಸಿದ ನೀರು ಎಲ್ಲಿ ಹೋಗಬೇಕು? ಒಳಚರಂಡಿಯ ದೊಡ್ಡ ಕೊಳವೆಗಳನ್ನು ಇಳಿಜಾರು ಸಿಗುವ ಕಣಿವೆಗಳ ಗುಂಟವೇ ಹಾಕಬೇಕಾಯಿತು. ಕೊಳವೆ ಸೇರದ, ಶುದ್ಧೀಕರಣ ಘಟಕ ತಲುಪದ ಕೊಚ್ಚೆ ಹೊಳೆಗೇ ಬಿತ್ತು. ಮೈಸೂರು ರಸ್ತೆಯ ಕಾರ್ಖಾನೆಗಳ ತ್ಯಾಜ್ಯವೂ ಅದಕ್ಕೆ ಬೆರೆಯಿತು. ಹೀಗೆ ಮಳೆಗಾಲದ ತೊರೆಗೆ ಬೇಸಿಗೆಯಲ್ಲೂ ನೀರು ಬಂತು, ಆದರೆ ಕಪ್ಪಾಗಿ, ನೊರೆಯಾಗಿ. ಬೈರಮಂಗಲದ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದ ಅನೇಕರು ಹಿಪ್ಪುನೇರಳೆ, ಹುಲ್ಲು, ಎಳೆಜೋಳಕ್ಕೆ ಹೊರಳಿದರು.

ನಗರ ಕಾವೇರಿಯಿಂದ ಎತ್ತಿದ ನೀರಿನ ಒಂದು ಪಾಲು ಹೀಗೆ ವೃಷಭಾವತಿಯ ಹಾದಿಯಲ್ಲಿ ಕಾವೇರಿಗೇ ಮರಳುತ್ತದೆ. ಪಡೆದದ್ದು ತಿಳಿನೀರು, ಹಿಂತಿರುಗಿಸುವುದು ಕೊಚ್ಚೆ.

ಹೊಳೆ ಸತ್ತಿದೆ ಎನ್ನುವುದು ಸರಿಯಲ್ಲ. ಕಣಿವೆಯಿದೆ, ಇಳಿಜಾರಿದೆ, ಮಳೆಯಿದೆ. ಕೆಟ್ಟಿರುವುದು ನಾವು ಅದಕ್ಕೆ ಸೇರಿಸುವ ನೀರು. ಮಳೆನೀರಿನ ಕಾಲುವೆಗೂ ಕೊಚ್ಚೆಯ ಕೊಳವೆಗೂ ನಂಟು ಕಡಿದರೆ ಅರ್ಧ ಕೆಲಸ ಮುಗಿದಂತೆ. ಮುಂದಿನ ಮಳೆಯಲ್ಲಿ ನಿಮ್ಮ ಬೀದಿಯ ನೀರು ಯಾವ ಕಣಿವೆಗೆ ಇಳಿಯುತ್ತದೆಂದು ಗಮನಿಸಿ. ನಿಮ್ಮ ಮನೆಯ ಚರಂಡಿ ಮಳೆಗಾಲುವೆಗೆ ಸೇರಿದ್ದರೆ ಮೊದಲು ಅದನ್ನು ಬಿಡಿಸಿ.