ತ್ರುಟಿತ ಶಾಸನಗಳಲ್ಲಿ ಸಂದರ್ಭೋಚಿತ ಪದದ ನಿರ್ಣಯ

ವಾಕ್ಯದಲ್ಲಿ ಬಿಟ್ಟ ಸ್ಥಳವನ್ನು ತಕ್ಕ ಪದದಿಂದ ತುಂಬುವುದು ಭಾಷಾಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಅಭ್ಯಾಸ. ಅಲ್ಲಿ ಉತ್ತರವನ್ನು ಬಲ್ಲವರೊಬ್ಬರು ಬೇಕೆಂದೇ ಪದವನ್ನು ಬಿಟ್ಟಿರುತ್ತಾರೆ. ಆರಿಸಿದ್ದು ಸರಿಯೋ ತಪ್ಪೋ ಎಂಬುದು ಬೇಗನೆ ತಿಳಿದುಹೋಗುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಎದುರಾಗುವ ಬಿಟ್ಟ ಸ್ಥಳಗಳು ಬೇರೆ ಬಗೆಯವು. ಕಲ್ಲು ಚಕ್ಕೆಯೆದ್ದು, ಮಳೆಗಾಳಿಗೆ ಸವೆದು, ಕೆಲವೊಮ್ಮೆ ಬಟ್ಟೆ ಒಗೆಯುವ ಹಾಸುಗಲ್ಲಾಗಿಯೋ ಮೆಟ್ಟಿಲಾಗಿಯೋ ಬಳಕೆಯಾಗಿ ಶಾಸನದ ಅಕ್ಷರಗಳು ಅಳಿದಿರುತ್ತವೆ. ಅದಕ್ಕೆ ಉತ್ತರಪತ್ರಿಕೆ ಎಲ್ಲಿಯೂ ಇಲ್ಲ. ಆದರೂ ಸಂಪಾದಕನು ಸುತ್ತಲಿನ ಪದಗಳನ್ನು ನೋಡಿ ಅಳಿದುದನ್ನು ಊಹಿಸುತ್ತಾನೆ. ಊಹಿಸಿದುದನ್ನು ಕಂಸದೊಳಗಿಟ್ಟು ಅಚ್ಚು ಹಾಕಿಸುತ್ತಾನೆ. ಈ ಊಹೆ ಎಷ್ಟರಮಟ್ಟಿಗೆ ಪ್ರಮಾಣವಾಗಬಲ್ಲದು ಎಂಬುದೇ ಪ್ರಕೃತ ಲೇಖನದ ವಿಷಯ.

ಶಾಸನದ ಎಲ್ಲ ಭಾಗಗಳಲ್ಲಿಯೂ ಸಂದರ್ಭಕ್ಕೆ ಒಂದೇ ಬಲವಿರುವುದಿಲ್ಲ. ದಾನಶಾಸನದ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳು ನೂರಾರು ಕಲ್ಲುಗಳಲ್ಲಿ ಪುನರುಕ್ತವಾಗಿವೆ. ತಾನು ಕೊಟ್ಟ ಅಥವಾ ಪರರು ಕೊಟ್ಟ ಭೂಮಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುವನೆಂಬ ಶ್ಲೋಕದ ಮೊದಲ ನಾಲ್ಕಾರು ಅಕ್ಷರಗಳು ಉಳಿದಿದ್ದರೆ ಮಿಕ್ಕುದನ್ನು ನಿಶ್ಶಂಕೆಯಿಂದ ತುಂಬಬಹುದು. ಆದರೆ ಹೀಗೆ ತುಂಬಿದುದರಿಂದ ನಮಗೆ ಹೊಸದಾಗಿ ತಿಳಿಯುವುದು ಏನೂ ಇಲ್ಲ. ಇತಿಹಾಸಕಾರನಿಗೆ ಬೇಕಾದ ಹೆಸರು, ಕಾಲ, ಮೊತ್ತ, ಕ್ರಿಯೆ ಇವು ಅಳಿದಲ್ಲಿ ಸಂದರ್ಭವು ಪದದ ಜಾತಿಯನ್ನು ಮಾತ್ರ ಹೇಳುತ್ತದೆ, ಪದವನ್ನು ಹೇಳುವುದಿಲ್ಲ.

ಕಲ್ಯಾಣದ ಚಾಳುಕ್ಯರ ಶಾಸನಗಳನ್ನು ತೆಗೆದುಕೊಳ್ಳೋಣ. ಅವುಗಳ ಆರಂಭದಲ್ಲಿ ಸಮಸ್ತಭುವನಾಶ್ರಯ ಎಂದು ಮೊದಲಾಗಿ ಸತ್ಯಾಶ್ರಯಕುಲತಿಲಕ, ಚಾಳುಕ್ಯಾಭರಣ ಎಂದು ಮುಗಿಯುವ ಬಿರುದುಗಳ ಸರಣಿಯೊಂದು ಬರುತ್ತದೆ. ಅನಂತರ ದೊರೆಯ ಹೆಸರು. ಈ ಹೆಸರಿನ ಪೂರ್ವಾರ್ಧ ಅಳಿದು ‘ಮಲ್ಲದೇವ’ ಎಂಬಷ್ಟೇ ಉಳಿದಿದೆಯೆಂದು ಭಾವಿಸೋಣ. ಆಹವಮಲ್ಲ, ಜಗದೇಕಮಲ್ಲ, ತ್ರೈಲೋಕ್ಯಮಲ್ಲ, ಭುವನೈಕಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ—ಈ ಆರೂ ವಾಕ್ಯಕ್ಕೆ ಸಮನಾಗಿ ಹೊಂದುತ್ತವೆ. ವ್ಯಾಕರಣವಾಗಲಿ ಅರ್ಥವಾಗಲಿ ಇವುಗಳಲ್ಲಿ ಯಾವುದನ್ನೂ ತಳ್ಳಿಹಾಕಲಾರದು. ಆದರೆ ಯಾವುದನ್ನು ಆರಿಸಿದೆವೆಂಬುದರ ಮೇಲೆ ಶಾಸನದ ಕಾಲ ಒಂದು ಶತಮಾನಕ್ಕೂ ಮಿಕ್ಕಿ ಹಿಂದುಮುಂದಾಗಬಹುದು.

ಇಲ್ಲಿ ಮೊದಲು ನೆರವಿಗೆ ಬರುವುದು ಅರ್ಥವಲ್ಲ, ಸ್ಥಳ. ಆಹವ, ತ್ರೈಲೋಕ್ಯ, ಭೂಲೋಕ ಇವು ಮೂರು ಅಕ್ಷರಗಳ ಪದಗಳು. ಜಗದೇಕ, ಭುವನೈಕ, ತ್ರಿಭುವನ ಇವು ನಾಲ್ಕು ಅಕ್ಷರಗಳವು. ಮೇಲಿನ ಕೆಳಗಿನ ಸಾಲುಗಳ ಅಳತೆ ಹಿಡಿದು, ಅಳಿದ ಜಾಗದಲ್ಲಿ ಎಷ್ಟು ಅಕ್ಷರಗಳು ಹಿಡಿಯುತ್ತಿದ್ದವೆಂದು ಲೆಕ್ಕ ಮಾಡಬಹುದು. ಒತ್ತಕ್ಷರದ ಬಾಲವೊಂದು ಸಾಲಿನ ಕೆಳಗೆ ಉಳಿದಿದ್ದರಂತೂ ಅದು ದೊಡ್ಡ ಸಾಕ್ಷ್ಯ. ಜಗದೇಕ, ಭುವನೈಕಗಳಲ್ಲಿ ಒತ್ತಕ್ಷರವೇ ಇಲ್ಲ.

ಎರಡನೆಯ ನೆರವು ಕಾಲಗಣನೆಯದು. ದಕ್ಷಿಣದ ಪದ್ಧತಿಯಲ್ಲಿ ಗತಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವೇ ಪ್ರಭವಾದಿ ಕ್ರಮದಲ್ಲಿ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ಮೇಲಿನ ಕಲ್ಲಿನಲ್ಲಿಯೇ ಶಕವರ್ಷ ಅಳಿದು ‘ವಿಳಂಬಿ ಸಂವತ್ಸರ’ ಎಂಬುದು ಉಳಿದಿದೆಯೆಂದೂ, ಲಿಪಿಯು ಹನ್ನೊಂದನೆಯ ಶತಮಾನದ ನಡುವಿನಿಂದ ಹನ್ನೆರಡನೆಯ ಶತಮಾನದ ಮೊದಲರ್ಧದವರೆಗಿನದೆಂದೂ ಇಟ್ಟುಕೊಳ್ಳೋಣ. ವಿಳಂಬಿ ೩೨ನೆಯದು. ಈ ಅವಧಿಯಲ್ಲಿ ಅದು ಶಕ ೯೮೦ ಮತ್ತು ಶಕ ೧೦೪೦, ಎಂದರೆ ಕ್ರಿ. ಶ. ೧೦೫೮ ಮತ್ತು ೧೧೧೮, ಈ ಎರಡರಲ್ಲಿ ಮಾತ್ರ ಬರುತ್ತದೆ. ಮೊದಲನೆಯದು ಒಂದನೆಯ ಸೋಮೇಶ್ವರನ ಆಳಿಕೆ. ಅವನು ತ್ರೈಲೋಕ್ಯಮಲ್ಲನೆಂದೂ ಆಹವಮಲ್ಲನೆಂದೂ ಪ್ರಸಿದ್ಧ. ಎರಡನೆಯದು ತ್ರಿಭುವನಮಲ್ಲನಾದ ಆರನೆಯ ವಿಕ್ರಮಾದಿತ್ಯನದು. ಅಳಿದ ಜಾಗ ಮೂರಕ್ಷರದ್ದೋ ನಾಲ್ಕಕ್ಷರದ್ದೋ ಎಂಬುದು ಸ್ಪಷ್ಟವಾದರೆ ದೊರೆ ಯಾರೆಂಬುದೂ ಸ್ಪಷ್ಟವಾಯಿತು. ೧೦೭೬ರಲ್ಲಿ ಪಟ್ಟವೇರಿದ ವಿಕ್ರಮಾದಿತ್ಯನು ತನ್ನದೇ ವರ್ಷಗಣನೆಯನ್ನು ಆರಂಭಿಸಿದನಾದ್ದರಿಂದ, ಶಕದ ಬದಲು ‘ವಿಕ್ರಮವರ್ಷ’ ಎಂಬುದರ ಒಂದೆರಡು ಅಕ್ಷರಗಳು ಎಲ್ಲಿಯಾದರೂ ಕಂಡರೆ ನಿರ್ಣಯ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಕೆಲವು ಶಾಸನಗಳು ಗತವರ್ಷವನ್ನಲ್ಲದೆ ವರ್ತಮಾನ ವರ್ಷವನ್ನು ಹೇಳುತ್ತವೆ, ಹತ್ತನೆಯ ಶತಮಾನಕ್ಕಿಂತ ಹಿಂದಿನವಕ್ಕೆ ಮೇಲಿನ ಸೂತ್ರವು ನೇರವಾಗಿ ಅನ್ವಯಿಸುವುದೂ ಇಲ್ಲ. ಸೂತ್ರವನ್ನು ಕಂಠಪಾಠ ಮಾಡಿ ಎಲ್ಲೆಲ್ಲಿಯೂ ಪ್ರಯೋಗಿಸುವ ಉತ್ಸಾಹಿಗಳು ಇದನ್ನು ಗಮನಿಸಬೇಕು.

ಪ್ರಾಂತ ಮತ್ತು ಕಾಲಗಳೂ ಸಂದರ್ಭದ ಅಂಗಗಳೇ. ಬಡಗಣ ಕರ್ಣಾಟಕದಲ್ಲಿ ಭೂಮಿಯ ಅಳತೆ ಹೆಚ್ಚಾಗಿ ಮತ್ತರು, ಕಮ್ಮಗಳಲ್ಲಿ. ತೆಂಕಣದಲ್ಲಿ ಬಿತ್ತನೆಯ ಪ್ರಮಾಣವನ್ನು ಹಿಡಿದು ಖಂಡುಗ, ಕೊಳಗಗಳಲ್ಲಿ. ಎಂಟನೆಯ ಶತಮಾನದ ಕಲ್ಲಿನಲ್ಲಿ ಅಳಿದ ಊರ ಹೆಸರಿನ ಕೊನೆಗೆ ‘ಹಳ್ಳಿ’ ಎಂದು ಸೇರಿಸಿದರೆ ಅದು ಕಾಲವಿರುದ್ಧ. ಪಕಾರವು ಹಕಾರವಾಗತೊಡಗಿದುದು ಸುಮಾರು ಹತ್ತನೆಯ ಶತಮಾನದಿಂದ ಈಚೆಗೆ. ಅಲ್ಲಿ ‘ಪಳ್ಳಿ’ ಎಂದೇ ಇರಬೇಕು.

ಇದುವರೆಗೆ ಹೇಳಿದ್ದು ಪದನಿರ್ಣಯ ಸಾಧ್ಯವಾಗುವ ಸಂದರ್ಭಗಳು. ಹೆಚ್ಚು ಎಚ್ಚರ ಬೇಕಾದುದು ವೀರಗಲ್ಲುಗಳಲ್ಲಿ. ತುಱುಗೋಳ್, ಪೆಣ್ಬುಯ್ಯಲ್, ಊರಳಿವು ಇವು ವೀರನ ಮರಣಕ್ಕೆ ಮತ್ತೆ ಮತ್ತೆ ಕಾರಣವಾಗಿ ಬರುವ ಪ್ರಸಂಗಗಳು. ತರಗತಿಯ ಅಭ್ಯಾಸಕ್ಕೆಂದು ನಾನೇ ರಚಿಸಿಕೊಂಡ ವಾಕ್ಯವೊಂದನ್ನು ನೋಡಿ: ‘ತುಱುವಂ . . . ಸತ್ತಂ.’ ಇಲ್ಲಿ ಬಿಟ್ಟುಹೋದುದು ಯಾವುದು? ಬಹುತೇಕ ವಿದ್ಯಾರ್ಥಿಗಳು ‘ಮಗುೞ್ಚಿ’ ಎಂದು ತುಂಬುತ್ತಾರೆ. ಆಗ ಸತ್ತವನು ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಹಿಂದಿರುಗಿಸಿದ ರಕ್ಷಕ. ‘ಕೊಂಡು’ ಎಂದು ತುಂಬಿದರೂ ವಾಕ್ಯ ಶುದ್ಧವಾಗಿಯೇ ಇದೆ. ಆಗ ಸತ್ತವನು ಪರರ ದನಗಳನ್ನು ಸೂರೆಗೊಂಡವನು. ಮೊದಲನೆಯದಕ್ಕೆ ಮೂರಕ್ಷರ, ಎರಡನೆಯದಕ್ಕೆ ಎರಡು. ಆದರೆ ಹಳ್ಳಿಯ ಕಲ್ಲುಕುಟಿಗನ ಕೈಬರಹದಲ್ಲಿ ಅಕ್ಷರಗಳು ಹಿರಿದು ಕಿರಿದಾಗಿರುವುದರಿಂದ ಒಂದಕ್ಷರದ ವ್ಯತ್ಯಾಸವನ್ನು ನಂಬಿ ತೀರ್ಪು ಕೊಡಲಾಗದು. ಕೆಳಗಿನ ಪಟ್ಟಿಕೆಯ ಶಿಲ್ಪವೂ ಇಲ್ಲಿ ಅಷ್ಟಾಗಿ ನೆರವಾಗದು. ದನಗಳ ಸಾಲು, ಬಿಲ್ಲು ಹಿಡಿದ ವೀರ, ಎದುರಿಗೆ ಶತ್ರುಗಳು ಇಷ್ಟು ಮಾತ್ರ ಕಂಡರೆ ಅದು ಎರಡು ಕಥೆಗಳಿಗೂ ಚಿತ್ರವಾಗಬಲ್ಲದು.

‘ಮಗುೞ್ಚಿ’ ಎಂಬುದು ಮೊದಲು ಹೊಳೆಯುವುದಕ್ಕೆ ಕಾರಣ ಅಂಥ ಪಾಠಗಳನ್ನೇ ನಾವು ಹೆಚ್ಚಾಗಿ ಓದಿರುವುದು. ವೀರನೆಂದರೆ ರಕ್ಷಕನೆಂಬ ನಮ್ಮ ಇಂದಿನ ಭಾವನೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಸಂಭವವೇನೋ ಅದರ ಕಡೆಗೇ ಹೆಚ್ಚು. ಆದರೆ ಕಂಸದೊಳಗಣ ಈ ಪದವು ಮುಂದಿನ ಲೇಖಕನ ಟಿಪ್ಪಣಿಯಲ್ಲಿ ಕಂಸವನ್ನು ಕಳೆದುಕೊಳ್ಳುತ್ತದೆ. ಅವನು ಒಂದು ಸೀಮೆಯ ವೀರಗಲ್ಲುಗಳನ್ನು ಎಣಿಸಿ, ಇಷ್ಟು ಮಂದಿ ಊರಿನ ರಕ್ಷಣೆಗಾಗಿ ಮಡಿದರೆಂದು ಪಟ್ಟಿ ಮಾಡುತ್ತಾನೆ. ಮತ್ತೊಬ್ಬ ಸಂಪಾದಕನು ಆ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಇನ್ನೊಂದು ಒಡೆದ ಕಲ್ಲನ್ನು ಅದೇ ಪದದಿಂದ ತುಂಬುತ್ತಾನೆ. ಊಹೆಯು ಊಹೆಗೆ ಸಾಕ್ಷಿಯಾಗುವುದೆಂದರೆ ಇದೇ. ತುಱುಗೋಳಿನಲ್ಲಿ ದನವನ್ನು ಕೊಂಡವರಾರು, ಬಿಡಿಸಿದವರಾರು ಎಂಬ ಮುಖ್ಯ ಪ್ರಶ್ನೆಯೇ ಆಗ ಮುಚ್ಚಿಹೋಗುತ್ತದೆ.

ಆದ್ದರಿಂದ ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಪಾಠವನ್ನು ಉದ್ಧರಿಸುವಾಗ ಕಂಸಗಳನ್ನು ಉಳಿಸಿಕೊಳ್ಳುವುದು ಆವಶ್ಯಕ. ೧೮೮೬ರಲ್ಲಿ ಬಿ. ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನೂ, ಮೈಸೂರು ವಿಶ್ವವಿದ್ಯಾನಿಲಯವು ೧೯೭೨ರಿಂದ ಹೊರತಂದ ಅವುಗಳ ಪರಿಷ್ಕೃತ ಆವೃತ್ತಿಯನ್ನೂ ಎದುರುಬದುರಾಗಿಟ್ಟು ಓದುವುದು ಇದಕ್ಕೆ ಒಳ್ಳೆಯ ಅಭ್ಯಾಸ. ರೈಸ್ ಅವರ ಇಂಗ್ಲಿಷ್ ಅನುವಾದವನ್ನಷ್ಟೇ ನೋಡಿ ತೃಪ್ತರಾಗುವುದು ಸಲ್ಲದು. ಅನುವಾದದಲ್ಲಿ ಓರಣವಾಗಿ ಹರಿಯುವ ವಾಕ್ಯ ಮೂಲದಲ್ಲಿ ಅರ್ಧ ಚುಕ್ಕೆಗಳಾಗಿರಬಹುದು.

ಈಚಿನ ಸಾಧನಗಳಿಂದ ಈ ಕಷ್ಟ ಕೆಲಮಟ್ಟಿಗೆ ಕಡಮೆಯಾಗಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯು ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿದೆ. ಬರಿಗಣ್ಣಿಗೂ ಮಸಿಯ ಪಡಿಯಚ್ಚಿಗೂ ಸಿಕ್ಕದ ಸವೆದ ಅಕ್ಷರಗಳು ಇಂಥ ಪ್ರತಿಯಲ್ಲಿ ಬೆಳಕಿನ ದಿಕ್ಕನ್ನು ಬದಲಿಸಿದಾಗ ಕಾಣಿಸಿಕೊಳ್ಳುವುದುಂಟು. ಚಕ್ಕೆಯೆದ್ದು ಬಿದ್ದುಹೋದ ಜಾಗಕ್ಕೆ ಯಾವ ಯಂತ್ರವೂ ನೆರವಾಗದು. ದತ್ತಿಯ ಗದ್ಯಾಣಗಳು ಹತ್ತೋ ಹನ್ನೆರಡೋ, ವೀರನ ತಂದೆಯ ಹೆಸರು ಏನು ಎಂಬಲ್ಲಿ ಸಂಪಾದಕನು ಅಳತೆಗೆ ತಕ್ಕಷ್ಟು ಚುಕ್ಕೆಗಳನ್ನಿಟ್ಟು, ಹೊಂದಬಹುದಾದ ಪದಗಳಿದ್ದರೆ ಅವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟು ಮುಂದಿನ ಸಾಲಿಗೆ ಹೋಗಬೇಕಾಗುತ್ತದೆ.