ಮೋಟಾರ್‌ಸೈಕಲ್ಲಿನ ಎಂಜಿನ್ ಕಂಪನ: ಕಾರಣ ಮತ್ತು ಪರೀಕ್ಷಾಕ್ರಮ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಮೋಟಾರ್‌ಸೈಕಲ್ಲು ವಿಲಾಸದ ವಸ್ತುವಲ್ಲ. ಹಾಲಿನ ಕ್ಯಾನು, ರೇಷ್ಮೆಗೂಡಿನ ಚೀಲ, ದ್ರಾಕ್ಷಿಯ ಬುಟ್ಟಿ, ಮಗ್ಗದ ನೂಲಿನ ಗಂಟು ಇವೆಲ್ಲವೂ ಅದರ ಮೇಲೆ ಸಾಗುತ್ತವೆ. ಅಂಥ ವಾಹನದ ಎಂಜಿನ್ನು ಹಿಂದೆಂದೂ ಇಲ್ಲದಂತೆ ನಡುಗತೊಡಗಿದಾಗ, ಕಾರಣವನ್ನು ನಿರ್ಣಯಿಸದೆ ಒಂದಾದಮೇಲೊಂದರಂತೆ ಭಾಗಗಳನ್ನು ಬದಲಾಯಿಸಿದರೆ ಹಣವು ವ್ಯಯವಾಗಿ ದೋಷವು ಉಳಿಯುವ ಸಂಭವವೇ ಹೆಚ್ಚು. ಕಂಪನದ ಮೂಲವನ್ನು ಕ್ರಮವಾಗಿ ಕಂಡುಹಿಡಿಯುವ ಬಗೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗೆ ನಮ್ಮ ನಾಡಿನದೇ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆಯನ್ನಾರಂಭಿಸಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ 250 ಸಿಸಿಯ ಜಾವಾ ಒಂಟಿ ಸಿಲಿಂಡರಿನ ಎರಡು ಸ್ಟ್ರೋಕಿನ ವಾಹನ. ಅದರ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ನಿನ ಚಲನದೂರ 75 ಮಿಲಿಮೀಟರು. ಪಿಸ್ಟನ್ನು ಪ್ರತಿ ಸುತ್ತಿನಲ್ಲಿಯೂ ಎರಡು ಸಲ ನಿಂತು ಹಿಂದಿರುಗಬೇಕು. ಅದನ್ನು ತಡೆದು ತಿರುಗಿಸುವ ಬಲದ ಪ್ರತಿಕ್ರಿಯೆಯೇ ಚೌಕಟ್ಟಿಗೆ ತಗಲುವ ಕಂಪನ.

ಈ ಬಲದ ಪ್ರಮಾಣವು ಅಲ್ಪವಲ್ಲ. ಪಿಸ್ಟನ್ನು ಮತ್ತು ಅದರೊಡನೆ ಆಡುವ ಭಾಗಗಳ ತೂಕ 400 ಗ್ರಾಂ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ನಿಮಿಷಕ್ಕೆ 4500 ಸುತ್ತಿನ ವೇಗದಲ್ಲಿ ಪ್ರಧಾನ ಜಡತ್ವಬಲವು ಸುಮಾರು 340 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾದುದರಿಂದ 2250 ಸುತ್ತಿನಲ್ಲಿ ಅದು ಸುಮಾರು 85 ಕಿಲೋಗ್ರಾಂಗೆ ಇಳಿಯುತ್ತದೆ. ಕ್ರ್ಯಾಂಕಿಗೆ ಎದುರುತೂಕವನ್ನು ಕೂಡಿಸಿ ಇದನ್ನು ಪೂರ್ಣವಾಗಿ ನೀಗಲು ಸಾಧ್ಯವಿಲ್ಲ. ಪಿಸ್ಟನ್ನಿನ ದಿಕ್ಕಿನಲ್ಲಿ ಕಳೆದ ಬಲವು ಅದಕ್ಕೆ ಲಂಬವಾದ ದಿಕ್ಕಿನಲ್ಲಿ ತಲೆದೋರುತ್ತದೆ. ಆದಕಾರಣ ಸುಮಾರು ಅರ್ಧಭಾಗವನ್ನು ಮಾತ್ರ ಸರಿದೂಗಿಸುವುದು ರೂಢಿ. ಇತ್ತೀಚಿನ ಹಲವು ಎಂಜಿನ್ನುಗಳಲ್ಲಿ ಎದುರುದಿಕ್ಕಿಗೆ ತಿರುಗುವ ಪ್ರತ್ಯೇಕ ಸಮತೋಲನ ದಂಡವಿರುತ್ತದೆ. ಅದಿಲ್ಲದ ಒಂಟಿ ಸಿಲಿಂಡರಿನಲ್ಲಿ ಕಂಪನವು ಸಹಜಗುಣ. ಅದರಲ್ಲಿ ತಲೆದೋರಿದ ಬದಲಾವಣೆಯೇ ದೋಷದ ಸೂಚನೆ.

ಮೊದಲು ಕೇಳಬೇಕಾದ ಪ್ರಶ್ನೆ: ಕಂಪನವು ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆಯೋ, ವಾಹನದ ವೇಗವನ್ನೋ? ಗಂಟೆಗೆ 60 ಕಿಲೋಮೀಟರು ವೇಗದಲ್ಲಿ, ಸುತ್ತಳತೆ ಸುಮಾರು 1.8 ಮೀಟರು ಇರುವ ಚಕ್ರವು ಸೆಕೆಂಡಿಗೆ ಸುಮಾರು 9 ಸಲ ತಿರುಗುತ್ತದೆ. ನಿಮಿಷಕ್ಕೆ 4500 ಸುತ್ತಿನ ಎಂಜಿನ್ನಾದರೋ ಸೆಕೆಂಡಿಗೆ 75 ಸಲ ತಿರುಗುತ್ತದೆ. ಮೊದಲನೆಯದನ್ನು ಮೈ ಅಲುಗಾಟವಾಗಿ ಅರಿಯುತ್ತದೆ. ಎರಡನೆಯದನ್ನು ಅಂಗೈ ಜುಮ್ಮೆನ್ನುವಿಕೆಯಾಗಿ ಅರಿಯುತ್ತದೆ. ನೇರವಾದ, ನಿರ್ಜನವಾದ ರಸ್ತೆಯಲ್ಲಿ ಕ್ಲಚ್ಚನ್ನು ಹಿಡಿದು ಥ್ರಾಟಲನ್ನು ಮುಚ್ಚಿದಾಗ ಕಂಪನವು ಉಳಿದರೆ ಚಕ್ರ, ಟೈರು ಅಥವಾ ಹಿಂಬದಿಯ ಚೈನನ್ನು ಪರೀಕ್ಷಿಸಬೇಕು. ಅದು ಕೂಡಲೆ ಅಡಗಿದರೆ ದೃಷ್ಟಿಯನ್ನು ಎಂಜಿನ್ನಿನತ್ತ ಹೊರಳಿಸಬೇಕು.

ಎರಡನೆಯ ಪರೀಕ್ಷೆಯನ್ನು ವಾಹನವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲಿನಲ್ಲಿಟ್ಟು ನಡೆಸತಕ್ಕದ್ದು. ವೇಗವನ್ನು ನಿಧಾನವಾಗಿ ಏರಿಸಿದಾಗ ಕಂಪನವು ಒಂದು ಕಿರಿದಾದ ವೇಗವ್ಯಾಪ್ತಿಯಲ್ಲಿ ಮಾತ್ರ ಉಲ್ಬಣಿಸಿ ಮತ್ತೆ ತಗ್ಗಿದರೆ, ಅದು ಅನುರಣನ. ಎಂಜಿನ್ನನ್ನು ಚೌಕಟ್ಟಿಗೆ ಬಿಗಿದ ಬೋಲ್ಟು ಸಡಿಲವಾದರೆ ಅಥವಾ ಬೆಸುಗೆ ಬಿರಿದರೆ ಆ ಭಾಗದ ಸ್ವಾಭಾವಿಕ ಆವೃತ್ತಿಯು ಕುಗ್ಗಿ, ನಿತ್ಯಸವಾರಿಯ ವೇಗಕ್ಕೇ ಬಂದು ನಿಲ್ಲಬಹುದು. ಆದುದರಿಂದ ಎಂಜಿನ್ನನ್ನು ಬಿಚ್ಚುವ ಮುನ್ನ ಸ್ಪ್ಯಾನರನ್ನು ಹಿಡಿದು ಎಲ್ಲ ಬೋಲ್ಟುಗಳನ್ನೂ ನೋಡುವುದು ಮಿತವ್ಯಯದ ಮಾರ್ಗ. ವೇಗದೊಡನೆ ಕಂಪನವು ಒಂದೇ ಸಮನೆ ಬೆಳೆದರೆ ಕ್ರ್ಯಾಂಕಿನ ಓರೆ, ಬೇರಿಂಗಿನ ಸವೆತ ಇವುಗಳನ್ನು ಸಂಶಯಿಸಬೇಕು.

ದಹನದ ದೋಷಕ್ಕೂ ತನ್ನದೇ ಲಕ್ಷಣವುಂಟು. ಎರಡು ಸ್ಟ್ರೋಕಿನ ಯಂತ್ರದಲ್ಲಿ ಪ್ರತಿ ಸುತ್ತಿಗೂ ಒಂದು ದಹನ. ಮಿಶ್ರಣದಲ್ಲಿ ಪೆಟ್ರೋಲಿನ ಅಂಶವು ಮಿತಿಮೀರಿದಾಗ ಸುತ್ತು ಬಿಟ್ಟು ಸುತ್ತಿಗೆ ದಹನವಾಗಿ, 75ರ ಸ್ಥಾನದಲ್ಲಿ ಸೆಕೆಂಡಿಗೆ 37.5ರ ಒರಟು ಮಿಡಿತ ಕೇಳಿಸುತ್ತದೆ. ಇದಕ್ಕೆ ಪ್ರತಿಯಾಗಿ ಕ್ರ್ಯಾಂಕಿನ ಆಯಿಲ್ ಸೀಲು ಹರಿದು ಗಾಳಿ ಒಳನುಗ್ಗಿದರೆ ಮಿಶ್ರಣವು ತೆಳುವಾಗಿ, ಥ್ರಾಟಲ್ ಮುಚ್ಚಿದಾಗಿನ ವೇಗವು ಏರುಪೇರಾಗುತ್ತದೆ. ಇದನ್ನು ಉಪೇಕ್ಷಿಸಿದಲ್ಲಿ ಪಿಸ್ಟನ್ನು ಕಾದು ಸಿಲಿಂಡರಿನೊಳಗೇ ಕಚ್ಚಿಕೊಂಡು, ಓಡುತ್ತಿರುವ ವಾಹನದ ಹಿಂಚಕ್ರವು ಹಠಾತ್ತನೆ ನಿಲ್ಲುವ ಅಪಾಯವಿದೆ.

ವಿದ್ಯಾರ್ಥಿಗಳು ಕೈಫೋನಿನ ವೇಗೋತ್ಕರ್ಷಮಾಪಕದಿಂದಲೂ ಕಂಪನವನ್ನು ಅಳೆಯಬಹುದು. ಆದರೆ ಒಂದು ಎಚ್ಚರಿಕೆ ಅವಶ್ಯ. ಸೆಕೆಂಡಿಗೆ 75 ಆವೃತ್ತಿಯನ್ನು ಗುರುತಿಸಲು ಸೆಕೆಂಡಿಗೆ 150ಕ್ಕಿಂತ ಹೆಚ್ಚು ಅಳತೆಗಳು ಬೇಕು. ಫೋನು 100 ಅಳತೆಗಳನ್ನಷ್ಟೇ ತೆಗೆದುಕೊಂಡರೆ 75ರ ಕಂಪನವು 25 ಎಂದು ತೋರಿ, ಇಲ್ಲದ ದೋಷವನ್ನು ಹುಡುಕಿಸೀತು. ಬಿಗಿಯಾಗಿ ಕಟ್ಟದ ಫೋನು ತನ್ನ ನಡುಕವನ್ನೇ ದಾಖಲಿಸುತ್ತದೆಂಬುದನ್ನೂ ಮರೆಯಲಾಗದು. ಪ್ರಬಲ ಕಂಪನವು ಫೋನಿನ ಕ್ಯಾಮೆರಾವನ್ನು ಕೆಡಿಸಬಹುದೆಂದು ಆಪಲ್ ಸಂಸ್ಥೆ 2021ರಲ್ಲಿ ಎಚ್ಚರಿಸಿದೆ. ಆದ್ದರಿಂದ ಪ್ರಯೋಗವು ಅಲ್ಪಕಾಲದ್ದಾಗಿರಲಿ.

ಸೆಕೆಂಡಿಗೆ 75ರಂತೆ ಒಂದು ಗಂಟೆಯಲ್ಲಿ ಲೋಹವು 2,70,000 ಸಲ ಜಗ್ಗಲ್ಪಡುತ್ತದೆ. ಕಣ್ಣಿಗೆ ಕಾಣದ ಬಿರುಕು ಬೆಳೆಯಲು ಇಂಥ ಪುನರಾವೃತ್ತಿಯೇ ಕಾರಣ. ತೀವ್ರವಾದ ಕಂಪನವು ದೀರ್ಘಕಾಲ ಕೈಗೆ ತಗಲಿದರೆ ಬೆರಳುಗಳ ನರಗಳೂ ರಕ್ತನಾಳಗಳೂ ಕೆಡುವುದುಂಟು. ಆದುದರಿಂದ ವೇಗವನ್ನು ಗಮನಿಸುವುದು, ಬೋಲ್ಟುಗಳನ್ನು ನೋಡುವುದು, ದಹನವನ್ನು ಆಲಿಸುವುದು, ಕಟ್ಟಕಡೆಗೆ ಎಂಜಿನ್ನನ್ನು ಬಿಚ್ಚುವುದು: ಈ ಕ್ರಮವನ್ನು ಪಾಲಿಸಿದರೆ ಸವಾರನ ಹಣವೂ ದೇಹವೂ ಉಳಿಯುತ್ತವೆ, ತರಗತಿಯಲ್ಲಿ ಕಲಿತ ಸರಳಾವರ್ತ ಚಲನೆಯ ಪಾಠಕ್ಕೂ ಬೀದಿಯಲ್ಲಿಯೇ ಪ್ರಯೋಗಶಾಲೆ ದೊರೆಯುತ್ತದೆ.