ಆಸ್ಪತ್ರೆಯಲ್ಲಿ ನಿಂತು ಬಂದರೆ ಮೆಡಿಕಲ್ ಸೀಟು ಸಿಗುತ್ತದೆಯೇ?

ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡ ಮಕ್ಕಳಿರುವ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ರಜೆಯಲ್ಲಿ ಒಂದು ತಿಂಗಳು ಯಾವುದಾದರೂ ಆಸ್ಪತ್ರೆಯಲ್ಲಿ ಓಡಾಡಿಕೊಂಡಿರಲಿ, ಆರೋಗ್ಯ ಶಿಬಿರದಲ್ಲಿ ಕೈಜೋಡಿಸಲಿ, ಸಹಿ-ಮೊಹರು ಇರುವ ಒಂದೆರಡು ಸರ್ಟಿಫಿಕೇಟ್ ತಂದಿಟ್ಟುಕೊಳ್ಳಲಿ, ನಾಳೆ ಮೆಡಿಕಲ್ ಸೀಟಿಗೆ ಅನುಕೂಲವಾಗುತ್ತದೆ ಎಂದು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನೆಂಟರ ಮಕ್ಕಳು ಹಾಗೆ ಮಾಡುವುದನ್ನು ಕೇಳಿ ಈ ನಂಬಿಕೆ ಬಲವಾಗಿದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರಿನ ಗುಡ್ಡಗಾಡಿನ ಅಪ್ಪ ಅಮ್ಮಂದಿರು ಇದರ ಹಿಂದೆ ಬಿದ್ದು ಹಣವನ್ನೂ ಮಕ್ಕಳ ಓದಿನ ಹೊತ್ತನ್ನೂ ಕಳೆದುಕೊಳ್ಳಬಾರದು ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೇಶದ ಎಂಬಿಬಿಎಸ್ ಪ್ರವೇಶದಲ್ಲಿ ಅನುಭವಕ್ಕೆ ಒಂದು ಅಂಕವೂ ಇಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ 360 ಜೀವಶಾಸ್ತ್ರದ್ದು. ಇಬ್ಬರಿಗೆ ಸಮ ಅಂಕ ಬಂದರೆ ಮೊದಲು ನೋಡುವುದೂ ಜೀವಶಾಸ್ತ್ರದ ಅಂಕವನ್ನೇ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್‌ನಲ್ಲಿ ಸಂದರ್ಶನವಿಲ್ಲ, ಸೇವೆಯ ಪ್ರಮಾಣಪತ್ರ ಹಾಕಲು ಜಾಗವೂ ಇಲ್ಲ. ಎಂಜಿನಿಯರಿಂಗ್ ಸಿಇಟಿಯಲ್ಲಿ ಪಿಯುಸಿ ಅಂಕ ರ‍್ಯಾಂಕಿಗೆ ಸೇರುತ್ತದೆ, ಇಲ್ಲಿ ಅದೂ ಇಲ್ಲ. ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಬಂದಿದ್ದರೆ ಅರ್ಹತೆಯ ಮಟ್ಟಿಗೆ ಪಿಯುಸಿಯ ಕೆಲಸ ಮುಗಿಯಿತು. 2006ರಲ್ಲಿ ಶುರುವಾದ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನ ಸೀಟುಗಳೂ ಹೀಗೆಯೇ ಹಂಚಿಕೆಯಾಗುತ್ತವೆ. ‘ನಮ್ಮಲ್ಲಿ ಇಂಟರ್ನ್‌ಶಿಪ್ ಮಾಡಿದರೆ ನೀಟ್‌ಗೆ ವೇಟೇಜ್’ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ಹಿಂದೆ ಎಲ್ಲ ಕಡೆ ಹೀಗಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ಅಭ್ಯರ್ಥಿಗಳನ್ನು ಕರೆಸಿ, ಮಾತಾಡಿಸಿ, ಸೇವಾ ಮನೋಭಾವ ಅಳೆದು ಆರಿಸಿಕೊಳ್ಳುತ್ತಿತ್ತು. ನೀಟ್ ಕಡ್ಡಾಯವಾದ ಮೇಲೆ ಆ ಪದ್ಧತಿ ಬಿಡಲಾರದೆ 2017ರಲ್ಲಿ ಒಬ್ಬ ವಿದ್ಯಾರ್ಥಿಯನ್ನಷ್ಟೇ ಎಂಬಿಬಿಎಸ್‌ಗೆ ಸೇರಿಸಿಕೊಂಡಿತು. 2020ರಲ್ಲಿ ಸುಪ್ರೀಂ ಕೋರ್ಟ್ ನೀಟ್ ಪರವಾಗಿಯೇ ತೀರ್ಪು ಕೊಟ್ಟಿತು. ಈಗ ಸಂದರ್ಶನ ಉಳಿದಿರುವ ದೊಡ್ಡ ಉದಾಹರಣೆ ಪುಣೆಯ ಸೇನಾ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. ಅಲ್ಲಿಯೂ ಮೊದಲು ನೀಟ್ ದಾಟಬೇಕು.

ಹಾಗಾದರೆ ಮಲೆನಾಡಿನ ಮಗುವಿನ ಬದುಕಿನಲ್ಲಿ ಸೀಟಿನ ಲೆಕ್ಕಕ್ಕೆ ಬರುವುದು ಏನೂ ಇಲ್ಲವೇ? ಒಂದಿದೆ. ಮಗು ಎಲ್ಲಿ, ಯಾವ ಮಾಧ್ಯಮದಲ್ಲಿ ಓದಿತು ಎಂಬುದು. ಹೆಚ್ಚು ಜನ ಎಡವುವುದೂ ಇಲ್ಲಿಯೇ. ರಾಜ್ಯದ ಸರ್ಕಾರಿ ಕೋಟಾದ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಸೀಟು ಪಟ್ಟಿಯಲ್ಲಿ ಸಾಮಾನ್ಯ ವರ್ಗದ ಜಿಎಂ ಪಕ್ಕದಲ್ಲಿ ಜಿಎಂಆರ್, ಜಿಎಂಕೆ ಎಂದು ಕಾಣುವುದು ಇವೇ.

‘ನಮ್ಮದು ಹಳ್ಳಿ, ತೋಟದ ಮನೆ, ಗ್ರಾಮೀಣ ಕೋಟಾ ಸಿಕ್ಕೇ ಸಿಗುತ್ತದೆ’ ಎಂದುಕೊಳ್ಳುವವರು ಬಹಳ. ಈ ಕೋಟಾ ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ಶಾಲೆ ಎಲ್ಲಿತ್ತು ಎಂದು ಕೇಳುತ್ತದೆ. ಒಂದರಿಂದ ಹತ್ತನೇ ತರಗತಿವರೆಗಿನ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಸಕಲೇಶಪುರ ಪುರಸಭೆ, ಆಲೂರು ಪಟ್ಟಣ ಪಂಚಾಯಿತಿ. ಎರಡೂ ಗ್ರಾಮೀಣ ಪ್ರದೇಶದ ಲೆಕ್ಕಕ್ಕೆ ಬರುವುದಿಲ್ಲ. ಹೆತ್ತೂರಿನಲ್ಲೋ ಯಸಳೂರಿನಲ್ಲೋ ಏಳನೇ ತರಗತಿವರೆಗೆ ಓದಿದ ಹುಡುಗಿಯನ್ನು ‘ಇಂಗ್ಲಿಷ್ ಸರಿಹೋಗಲಿ’ ಎಂದು ಎಂಟನೆಯದಕ್ಕೆ ಸಕಲೇಶಪುರ ಪಟ್ಟಣದ ಕಾನ್ವೆಂಟಿಗೆ ಹಾಕಿದರೆ ಆ ಹಕ್ಕು ಹೋಯಿತು. ಮಾಧ್ಯಮವೂ ಬದಲಾದರೆ ಕನ್ನಡ ಮಾಧ್ಯಮದ ಹಕ್ಕೂ ಹೋಯಿತು, ಏಕೆಂದರೆ ಅದಕ್ಕೂ ಹತ್ತು ವರ್ಷ ಕನ್ನಡದಲ್ಲೇ ಓದಿರಬೇಕು. ಪಿಯುಸಿಯನ್ನು ಮಂಗಳೂರಿನಲ್ಲಿ, ಇಂಗ್ಲಿಷಿನಲ್ಲಿ ಓದಿದರೆ ಇವಕ್ಕೆ ಧಕ್ಕೆಯಿಲ್ಲ. ಹಾಗೆಯೇ, ನೀಟ್ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಆರಿಸಿಕೊಳ್ಳುವ ಅವಕಾಶ 2017ರಿಂದ ಇದೆ, ಆದರೆ ಕನ್ನಡದಲ್ಲಿ ಪರೀಕ್ಷೆ ಬರೆದ ಮಾತ್ರಕ್ಕೆ ಕನ್ನಡ ಮಾಧ್ಯಮದ ಕೋಟಾ ದೊರೆಯುವುದಿಲ್ಲ. ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಪಡೆದು ಬಿಇಒ ಮೇಲುಸಹಿ ಹಾಕಿಸಿಡಬೇಕು. ಆಸ್ಪತ್ರೆಯ ಸರ್ಟಿಫಿಕೇಟಿಗೆ ಅಲೆಯುವ ಬದಲು ಈ ಹಾಳೆಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಇನ್ನು, ಮಲೆನಾಡು ಹಿಂದುಳಿದ ಪ್ರದೇಶವಾದ್ದರಿಂದ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸಿಗುತ್ತದೆ ಎನ್ನುವವರೂ ಇದ್ದಾರೆ. ಅದು ಕಲ್ಯಾಣ ಕರ್ನಾಟಕಕ್ಕೆ ಮಾತ್ರ. ಹಾಸನಕ್ಕಿಲ್ಲ.

ಇಷ್ಟು ಕೇಳಿದ ಮೇಲೆ ಇನ್ನೊಂದು ತಪ್ಪು ತೀರ್ಮಾನ ಹುಟ್ಟುತ್ತದೆ: ಅಂಕವಿಲ್ಲದ ಮೇಲೆ ಆಸ್ಪತ್ರೆ ನೋಡುವುದೇ ದಂಡ ಎಂದು. ಇದನ್ನು ನಾನು ಒಪ್ಪುವುದಿಲ್ಲ. ಲಾಂಗ್ ಟರ್ಮ್ ಕೋಚಿಂಗ್ ಎಂದು ಹದಿಹರೆಯದ ಎರಡು ಮೂರು ವರ್ಷ ಸುರಿದು, ಸೀಟು ಸಿಕ್ಕ ಮೇಲೆ ರಕ್ತ, ಕೀವು, ಸಾವು ತನ್ನಿಂದ ನೋಡಲಾಗದು ಎಂದು ಅರಿವಾದರೆ ಆ ಮಗುವಿನ ಗತಿಯೇನು? ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು.

ನೋಡಲು ಈ ಬೆಟ್ಟಗಳಲ್ಲಿ ಬೇಕಾದಷ್ಟಿದೆ. ತೋಟದಲ್ಲಿ ಹಾವು ಕಚ್ಚಿದವರಲ್ಲಿ ಕೆಲವರು ಮೊದಲು ಹೋಗುವುದು ನಾಟಿ ಔಷಧಿಗೆ. ಕಾಲಿಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ತಡವಾಗಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಬರುತ್ತಾರೆ. ಪರಿಸ್ಥಿತಿ ಕೈಮೀರಿದರೆ ಅಲ್ಲಿಂದ ಹಾಸನಕ್ಕೆ ಇನ್ನೂ ಸುಮಾರು 40 ಕಿಲೋಮೀಟರ್. ಮಂಗಳೂರಿಗೆ ಹೋಗೋಣವೆಂದರೆ ಮಳೆಗಾಲದಲ್ಲಿ ದೋಣಿಗಾಲ್ ಬಳಿ ಮಣ್ಣು ಕುಸಿದರೆ ದಾರಿಯೇ ಬಂದ್. ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಕಾಫಿ ಗಿಡದ ಮೇಲೆ ಮಲಗಿರುವ ಮಲಬಾರ್ ಪಿಟ್ ವೈಪರ್ ಈ ನಾಲ್ಕರಲ್ಲಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಕಚ್ಚಿದ ಕಾಲನ್ನು ಕಟ್ಟಬಾರದು, ಕೊಯ್ಯಬಾರದು, ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಸಾಗಿಸಬೇಕು ಎಂಬುದನ್ನು ಕಲಿತು ತನ್ನ ಊರಿನ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹೇಳುವ ಹುಡುಗ, ಬಿಳಿ ಕೋಟು ಹಾಕಿ ವಾರ್ಡಿನಲ್ಲಿ ಫೋಟೊ ತೆಗೆಸಿಕೊಂಡವನಿಗಿಂತ ವೈದ್ಯವೃತ್ತಿಗೆ ಹತ್ತಿರದಲ್ಲಿದ್ದಾನೆ.

ಕ್ಷಯದ ಕಥೆ ಇನ್ನೂ ಕಷ್ಟದ್ದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೋಬಸ್ಟಾ ಕೊಯ್ಲು ಎಂದು ಅಸ್ಸಾಮಿನಿಂದಲೋ ಉತ್ತರ ಕರ್ನಾಟಕದಿಂದಲೋ ಬಂದ ಕಾರ್ಮಿಕ ಕೊಯ್ಲು ಮುಗಿದೊಡನೆ ಬೇರೆ ಕಡೆ ಹೊರಡುತ್ತಾನೆ. ಅವನನ್ನು ಹುಡುಕಿ ಮಾತ್ರೆ ಮುಂದುವರಿಸುವಂತೆ ನೋಡಿಕೊಳ್ಳಬೇಕಾದ ಆಶಾ ಕಾರ್ಯಕರ್ತೆಯ ಜೊತೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಅನುಮತಿ ಪಡೆದು, ಒಂದು ದಿನ ನಡೆದು ನೋಡಿ. ರೋಗ ಗುರುತಿಸುವುದಕ್ಕಿಂತ ಗುಣವಾಗುವವರೆಗೆ ಬೆನ್ನು ಬಿಡದಿರುವುದು ಎಷ್ಟು ದೊಡ್ಡ ಕೆಲಸ ಎಂಬುದು ಅಲ್ಲಿ ತಿಳಿಯುತ್ತದೆ. 2022ರಿಂದ ಎಂಬಿಬಿಎಸ್‌ನಲ್ಲಿ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ಗಮನಿಸಬೇಕು. ಲೈನ್ ಮನೆಯ ಬಾಗಿಲಲ್ಲಿ ಕೂತು ಮಾತಾಡಿ ಅಭ್ಯಾಸವಿರುವ ಮಗುವಿಗೆ ಅದು ಹೊಸ ಲೋಕವಲ್ಲ.

ಅನುಭವವೆಂದರೆ ಇಂಜೆಕ್ಷನ್ ಕೊಡುವುದು, ಹೊಲಿಗೆ ಹಾಕುವುದು ಎಂದು ತಿಳಿದವರಿದ್ದಾರೆ. ಪರಿಚಯದ ಕ್ಲಿನಿಕ್ಕಿನಲ್ಲಿ ಕಲಿಸಿಕೊಡಿ ಎಂದು ಕೇಳುವವರೂ ಇದ್ದಾರೆ. ದಯವಿಟ್ಟು ಬೇಡ. ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡುವುದಕ್ಕೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಕಾನೂನು ಹಾಗಿರಲಿ, ಚುಚ್ಚಿಸಿಕೊಳ್ಳುವವರು ಯಾರು ಎಂದು ಯೋಚಿಸಿ. ಬೇಡ ಎನ್ನಲು ಧೈರ್ಯವಿಲ್ಲದ ಕೂಲಿ ಹೆಂಗಸು, ಭಾಷೆ ಬಾರದ ವಲಸೆ ಕಾರ್ಮಿಕ. ಅವರ ಮೈ ಯಾರ ಕಲಿಕೆಗೂ ಇರುವುದಲ್ಲ.

ಇದೇ ಮಾತು ನ್ಯೂಜೆರ್ಸಿಯಿಂದಲೋ ಲಂಡನ್ನಿನಿಂದಲೋ ಅಜ್ಜನ ತೋಟಕ್ಕೆ ರಜೆಗೆ ಬರುವ ಮಕ್ಕಳಿಗೂ ಅನ್ವಯಿಸುತ್ತದೆ. ಅವರ ಅರ್ಜಿಗೆ ಅನುಭವ ನಿಜವಾಗಿಯೂ ಬೇಕು. ‘ಇಂಡಿಯಾದ ಹಳ್ಳಿ ಆಸ್ಪತ್ರೆಯಲ್ಲಿ ಕೈಯಾರೆ ಚಿಕಿತ್ಸೆ ಮಾಡಿದೆ’ ಎಂದು ಬರೆದರೆ ಮೆಚ್ಚುತ್ತಾರೆ ಎಂಬ ನಂಬಿಕೆ ಮಾತ್ರ ತಲೆಕೆಳಗು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ಎಎಎಂಸಿ, ತರಬೇತಿ ಇಲ್ಲದ ವಿದ್ಯಾರ್ಥಿಗಳು ಪರದೇಶದಲ್ಲಿ ಚಿಕಿತ್ಸೆಗೆ ಕೈ ಹಾಕಬಾರದು ಎಂದು ಮಾರ್ಗಸೂಚಿಯನ್ನೇ ಹೊರಡಿಸಿದೆ. ಹಾಗೆ ಬರೆದುಕೊಂಡರೆ ಅರ್ಜಿಗೇ ಪೆಟ್ಟು. ಬ್ರಿಟನ್ನಿನ ಕಾಲೇಜುಗಳಿಗೂ ವೈದ್ಯರ ಹಿಂದೆ ನಿಂತದ್ದೇ ಆಗಬೇಕೆಂದಿಲ್ಲ. ವೃದ್ಧಾಶ್ರಮದಲ್ಲಿ ಊಟ ಮಾಡಿಸಿದ್ದು, ಅಂಗವಿಕಲ ಮಕ್ಕಳ ಜೊತೆ ಕೆಲಸ ಮಾಡಿದ್ದು ಅನುಭವವೇ. ಬ್ರಿಟನ್ನಿನಲ್ಲಿ ನೆಲೆಸಿರುವ 16 ದಾಟಿದವರಿಗೆ ‘ಅಬ್ಸರ್ವ್ ಜಿಪಿ’ ಎಂಬ ಉಚಿತ ಆನ್‌ಲೈನ್ ಕಲಿಕೆಯೂ ಇದೆ. ಅಮೆರಿಕದ ಅರ್ಜಿಯಲ್ಲಿ ಹೆಚ್ಚೆಂದರೆ 15 ಅನುಭವ ಬರೆಯಬಹುದು, ಅದರಲ್ಲಿ ಮೂರನ್ನು ಅತಿ ಮುಖ್ಯವೆಂದು ಗುರುತಿಸಿ ವಿವರಿಸಬಹುದು. ಹಾನುಬಾಳಿನಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಮಗ್ಗುಲು ಬದಲಿಸಿ, ಒರೆಸಿ, ಗಂಜಿ ಕುಡಿಸಿ ನೋಡಿಕೊಂಡ ಬೇಸಿಗೆ ಆ ಮೂರರಲ್ಲಿ ಒಂದಾಗಬಲ್ಲದು. ಪ್ರತಿ ಅನುಭವಕ್ಕೂ ಎಷ್ಟು ಗಂಟೆ ಎಂದು ತುಂಬಿ, ಬಲ್ಲವರೊಬ್ಬರ ಹೆಸರು, ಸಂಪರ್ಕ ಕೊಡಬೇಕು. ಕಾಲೇಜಿನವರು ಅವರನ್ನು ವಿಚಾರಿಸಬಹುದು. ಆದ್ದರಿಂದ ಊರಿನಲ್ಲಿ ಇರುವಾಗಲೇ ಮಾಡಿದ್ದನ್ನು ದಿನದಿನವೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.